ಬಿತ್ತುವ ಮುಂಚೆಯೇ ಕಳೆ ಏಳುವುದೇಕೆ

ಭೂಮಿ ಆಗಿನ್ನೂ ಹೊಸದು. ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಮೂಡಣಕ್ಕೆ ಹೊರಟವು ಮಧ್ಯಾಹ್ನ ಮನಸ್ಸು ಬದಲಿಸಿ ಪಡುವಣಕ್ಕೆ ತಿರುಗುತ್ತಿದ್ದವು. ಮಣ್ಣು ಮಾತಾಡುತ್ತಿತ್ತು, ಮಳೆ ಮಾತಾಡುತ್ತಿತ್ತು, ಎತ್ತು ಮಾತಾಡುತ್ತಿತ್ತು. ಎಲ್ಲರೂ ಮಾತಾಡುತ್ತಿದ್ದುದರಿಂದ ಯಾರ ಮಾತೂ ಯಾರಿಗೂ ನೆಟ್ಟಗೆ ಕೇಳುತ್ತಿರಲಿಲ್ಲ.

ಆ ಕಾಲದಲ್ಲಿ ಒಂದು ಕೆಮ್ಮಣ್ಣಿನ ದಿಬ್ಬದ ಮೇಲೆ ದೇವೀರಿ ಅನ್ನುವ ಹೆಂಗಸು ಇದ್ದಳು. ಗಂಡ ಬೊಮ್ಮಣ್ಣ. ಮಗಳು ಚಿಕ್ಕತಾಯಿ, ಆಗ ಎರಡು ವರ್ಷದವಳು. ಕೆಂದ, ಬೂದ ಅಂತ ಎರಡು ಎತ್ತು. ಲೋಕದಲ್ಲಿ ರಾಗಿ ಬೆಳೆಯುತ್ತಿದ್ದುದು ಅವರ ಹೊಲ ಒಂದರಲ್ಲೇ.

ಆಗ ಮಳೆಗಳು ಅಕ್ಕತಂಗಿಯರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ ಹೀಗೆ ಒಬ್ಬಳ ಹಿಂದೆ ಒಬ್ಬಳು ಬರುತ್ತಿದ್ದರು. ಮೊದಲ ವರ್ಷ ಭರಣಿ ಬಂದು ನೆಲ ನೆನೆಸಿದ್ದೇ ತಡ, ದೇವೀರಿ ಉತ್ತು ಬಿತ್ತಿದಳು. ಎಂಟು ದಿನಕ್ಕೆ ಹೊಲವೆಲ್ಲ ಹಸಿರು.

"ನೋಡಯ್ಯ, ಹೆಂಗೆ ಎದ್ದವೆ!" ಅಂತ ಗಂಡನನ್ನು ಕರೆದು ತೋರಿಸಿದಳು.

ಎದ್ದಿದ್ದು ರಾಗಿ ಒಂದೇ ಅಲ್ಲ. ಅಣ್ಣೆಸೊಪ್ಪು ಎದ್ದಿತ್ತು. ತುಂಬೆ ಎದ್ದಿತ್ತು. ಮುಳ್ಳುದಂಟು ಎದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಾಡುರಾಗಿ ಎದ್ದಿತ್ತು. ನೋಡುವುದಕ್ಕೆ ಥೇಟ್ ರಾಗಿಯೇ. ಅದೇ ಎಲೆ, ಅದೇ ಬಣ್ಣ, ಅದೇ ನಿಲುವು.

ದೇವೀರಿ ಕೂತು ಕಿತ್ತಳು. ಮಗಳನ್ನು ಹೊಂಗೆ ಮರದ ನೆರಳಿಗೆ ಬಿಟ್ಟು, ಸೊಂಟ ಬಗ್ಗಿಸಿ, ಈ ಬದುವಿನಿಂದ ಆ ಬದುವಿಗೆ ಕಿತ್ತಳು. ಆ ಬದು ಮುಟ್ಟುವಷ್ಟರಲ್ಲಿ ಈ ಬದುವಿನಲ್ಲಿ ಮತ್ತೆ ಎದ್ದಿರುತ್ತಿತ್ತು. ತಿರುಗಿ ಬಂದು ಮತ್ತೆ ಕಿತ್ತಳು. ಬೆರಳ ತುದಿ ಒಡೆದು ರಕ್ತ ಬಂತು. ತೆನೆ ಬರುವ ಹೊತ್ತಿಗೆ ನೋಡಿದರೆ, ಅವಳು ಅರ್ಧ ಹೊಲದಲ್ಲಿ ರಾಗಿಯನ್ನು ಕಿತ್ತು ಕಾಡುರಾಗಿಯನ್ನು ಬಿಟ್ಟಿದ್ದಳು.

"ಅಯ್ಯೋ ನನ್ನ ಕಣ್ಣೇ!" ಅಂತ ಬದುವಿನ ಮೇಲೆ ಕುಸಿದು ಕೂತಳು.

ಕಾಡುರಾಗಿ ತಲೆ ಅಲ್ಲಾಡಿಸಿತು. "ಯಾಕಮ್ಮ ಬೇಜಾರು? ನಾನೂ ರಾಗಿನೇ ಅಲ್ವಾ? ದಾಯಾದಿ ಕಣಮ್ಮ. ಪಾಲು ಕೇಳೋಕೆ ಬಂದಿದ್ದೀನಿ, ಅಷ್ಟೇ."

"ಪಾಲು ಕೇಳೋನು ಉಳೋಕೆ ಬಂದಿದ್ಯೇನೋ? ಗೊಬ್ಬರ ಹೊರೋಕೆ ಬಂದಿದ್ಯೇನೋ?"

"ಅದೆಲ್ಲ ನಮ್ಮ ಮನೆತನಕ್ಕೆ ಆಗಿಬರಲ್ಲ," ಅಂತು ಕಾಡುರಾಗಿ.

ಆ ವರ್ಷ ಮನೆಗೆ ಬಂದಿದ್ದು ಮೂರು ಮೊರ ರಾಗಿ.

ಎರಡನೇ ವರ್ಷ ದೇವೀರಿ ಹಟ ಹಿಡಿದು ಒತ್ತಾಗಿ ಬಿತ್ತಿದಳು. ರಾಗಿಯೂ ಒತ್ತಾಗಿ ಎದ್ದಿತು, ಕಳೆಯೂ ಒತ್ತಾಗಿ ಎದ್ದಿತು. ಮತ್ತೆ ಕಿತ್ತಳು, ಮತ್ತೆ ಎದ್ದಿತು. ಭರಣಿ ಕೊಟ್ಟ ನೀರನ್ನೆಲ್ಲ ಕಳೆ ಕುಡಿಯಿತು. ಕೃತ್ತಿಕೆ ಕೊಟ್ಟಿದ್ದನ್ನೂ ಕುಡಿಯಿತು. ರಾಗಿ ಮಾತ್ರ ಜ್ವರ ಬಂದ ಮಗುವಿನ ಹಾಗೆ ಹಳದಿಯಾಗಿ ನಿಂತಿತ್ತು. ಆ ವರ್ಷ ಬಂದಿದ್ದು ಒಂದೇ ಮೊರ. ಅದರಲ್ಲಿ ಉಂಡಿದ್ದು ಉಂಡು, ಮೂರನೇ ವರ್ಷದ ಬೇಸಿಗೆಗೆ ಬಿತ್ತನೆಗೆ ಅಂತ ಉಳಿದಿದ್ದು ಒಂದು ಕುಡಿಕೆ.

ಲೋಕದಲ್ಲಿದ್ದ ರಾಗಿಯೆಲ್ಲ ಆ ಕುಡಿಕೆಯಲ್ಲಿತ್ತು. ಈ ಸಲವೂ ಕಳೆ ತಿಂದರೆ ಮುಂದೆ ಯಾರಿಗೂ ರಾಗಿ ಇಲ್ಲ.

ದೇವೀರಿಗೆ ರೇಗಿಹೋಯಿತು. ಬಿಸಿಲಲ್ಲಿ ಬಿರಿದಿದ್ದ ಹೊಲಕ್ಕೆ ಹೋಗಿ ಕಾಲಿನಿಂದ ನೆಲ ತಟ್ಟಿದಳು.

"ನೆಲದವ್ವ! ಏಳವ್ವ ಒಸಿ!"

"ಎದ್ದೇ ಇದ್ದೀನಿ," ಅಂತು ನೆಲ. "ನೀನು ತುಳಿದರೆ ಯಾರಿಗೆ ನಿದ್ದೆ ಬರುತ್ತೆ?"

"ಯಾಕವ್ವ ಹಿಂಗೆ ಮಾಡ್ತೀಯ? ನಾನು ಹಾಕೋದು ರಾಗಿ. ನೀನು ಕೊಡೋದು ಕಸ. ನಾನೇನು ಕಸ ಕೇಳಿದ್ನಾ?"

ನೆಲ ನಿಟ್ಟುಸಿರು ಬಿಟ್ಟಿತು. ಬಿರುಕುಗಳಿಂದ ಧೂಳು ಎದ್ದಿತು. "ನನ್ನ ಹೊಟ್ಟೇಲಿ ಮಲಗಿರೋರೆಲ್ಲ ನನ್ನ ಮಕ್ಕಳು ಕಣವ್ವ. ಒಬ್ಬನ್ನ ಏಳು ಅಂತ, ಒಬ್ಬನ್ನ ಏಳಬೇಡ ಅಂತ ನಾನು ಹೆಂಗೆ ಹೇಳ್ಲಿ? ಆದರೆ ನಿಜ ಹೇಳ್ತೀನಿ, ನನಗೂ ಸಾಕಾಗಿದೆ. ಆ ಕಾಡುರಾಗಿ ವಂಶ ಇದೆಯಲ್ಲ, ನನ್ನ ಮೈಯ ಒಂದು ಬೆರಳು ಕೆಳಗೆ ಸಾಲಾಗಿ ಮಲಗಿರುತ್ತೆ. ಮಲಗೋದು ಸುಳ್ಳು ಮಲಗೋದು. ಕಿವಿ ತೆರೆದೇ ಇರುತ್ತೆ. 'ಮಳೆ ಬಂತಾ? ದೇವೀರಿ ಬೀಜ ಎರಚಿದ್ಲಾ? ಏಳಿ, ಏಳಿ! ರಾಗಿಗಿಂತ ಹಿಂದೆ ಬೀಳಬೇಡಿ!' ಅಂತ ಒಂದೇ ಗಲಾಟೆ. ಮೊಣಕೈಯಲ್ಲಿ ತಿವೀತವೆ, ನನಗೆ ಹೊಟ್ಟೆನೋವು."

"ಮೇಲೆ ಮಲಗಿರೋರು ಮಾತ್ರನಾ? ಆಳದಲ್ಲಿರೋರು?"

"ಆಳದಲ್ಲಿರೋರಿಗೆ ಬೆಳಕೂ ಕಾಣಲ್ಲ, ಸದ್ದೂ ಕೇಳಲ್ಲ. ಅವರದು ನಿಜವಾದ ನಿದ್ದೆ. ಅವರನ್ನ ಎಬ್ಬಿಸದಿದ್ರೆ ನೂರು ವರ್ಷ ಬೇಕಾದ್ರೂ ಮಲಗ್ತಾರೆ."

ದೇವೀರಿ ಬಗ್ಗಿ ಒಂದು ಬೆರಳು ಮಣ್ಣು ಕೆರೆದು ನೋಡಿದಳು. ಆಮೇಲೆ, "ಅಷ್ಟೊಂದು ಅವಸರ ಅಲ್ವಾ ಅವಕ್ಕೆ? ಎದ್ದುಬಿಡಲಿ ಹಾಗಾದರೆ," ಅಂದಳು.

ಭರಣಿ ಬಂದಳು. ಗುಡುಗುತ್ತ, ಕೂಗುತ್ತ, ಮಾವಿನ ಕಾಯಿ ಉದುರಿಸುತ್ತ ಬಂದಳು. ಬೊಮ್ಮಣ್ಣ ಉತ್ತು, ಹೆಂಟೆ ಒಡೆದು, ನೆಲವನ್ನು ಹಿಟ್ಟಿನ ಹಾಗೆ ಮಾಡಿದ. ದೇವೀರಿ ಸೊಂಟಕ್ಕೆ ಕುಕ್ಕೆ ಸಿಕ್ಕಿಸಿಕೊಂಡು ಹೊಲಕ್ಕಿಳಿದಳು. ಕುಕ್ಕೆಗೆ ಕೈ ಹಾಕುವಳು, ಎರಚುವಳು. ಹೆಜ್ಜೆ ಇಡುವಳು, ಕೈ ಹಾಕುವಳು, ಎರಚುವಳು.

ಬೊಮ್ಮಣ್ಣ ಹತ್ತಿರ ಬಂದು ಕುಕ್ಕೆಯೊಳಗೆ ಇಣುಕಿದ. ಕುಕ್ಕೆ ಖಾಲಿ.

"ಲೇ ದೇವೀರಿ! ಏನೇ ಎರಚ್ತಿದ್ದೀಯ?"

"ಸುಮ್ಕಿರಯ್ಯ. ಕೇಳಿಸ್ಕೊಂಡಾರು."

"ಯಾರು?"

ಅವಳು ಕಣ್ಣಲ್ಲೇ ನೆಲ ತೋರಿಸಿದಳು. ಬೊಮ್ಮಣ್ಣ ಹೆಂಡತಿಯ ಹಣೆ ಮುಟ್ಟಿ ನೋಡಿದ. ಬಿಸಿ ಇರಲಿಲ್ಲ. ಅದು ಅವನಿಗೆ ಇನ್ನೂ ಗಾಬರಿ ತಂದಿತು.

ಮನೆಯಲ್ಲಿ, ಗೋಡೆಯ ಮಾಡದ ಮೇಲಿದ್ದ ಕುಡಿಕೆಯೊಳಗೆ ರಾಗಿ ಕಾಳುಗಳು ಪಿಸುಗುಟ್ಟಿದವು. "ಅವ್ವ, ಮಳೆ ವಾಸನೆ ಬರ್ತಿದೆ. ನಮ್ಮನ್ನ ಮರೆತುಬಿಟ್ಯಾ?"

"ಮರೆತಿಲ್ಲ ಕಣ್ರವ್ವ. ಕಾಯಿರಿ," ಅಂದಳು ದೇವೀರಿ.

ನೆಲದ ಕೆಳಗೆ ಕಾಡುರಾಗಿ ವಂಶದವರು ಕಿವಿ ನಿಮಿರಿಸಿದರು. "ಕೇಳಿಸ್ತಾ? ಬಳೆ ಸದ್ದು! ಕುಕ್ಕೆ ಸದ್ದು! ಬಿತ್ತಿದ್ಲು, ಬಿತ್ತಿದ್ಲು! ಏಳಿ!" ಅಣ್ಣೆ ಎದ್ದಿತು, ತುಂಬೆ ಎದ್ದಿತು, ಮುಳ್ಳುದಂಟು ಎದ್ದಿತು. ಕಾಡುರಾಗಿ ಎಲ್ಲರನ್ನೂ ತುಳಿದುಕೊಂಡು ಎದ್ದಿತು. ಎಂಟು ದಿನಕ್ಕೆ ಹೊಲವೆಲ್ಲ ಹಸಿರು. ಎರಡೆರಡು ಎಲೆ ಬಿಟ್ಟುಕೊಂಡು ಆ ಕಡೆ ಈ ಕಡೆ ನೋಡಿದರೆ ರಾಗಿಯೇ ಇಲ್ಲ.

"ರಾಗಿ ಎಲ್ಲಿ?" ಅಂತು ಒಂದು.

"ಇನ್ನೂ ಎದ್ದಿಲ್ಲ, ಸೋಮಾರಿ," ಅಂತು ಇನ್ನೊಂದು.

ಆಗ ದೇವೀರಿ ಮಾಡಬೇಕು ಅಂದುಕೊಂಡಿದ್ದು ಸುಲಭದ ಕೆಲಸ. ಮಾರನೇ ದಿನ ಬಿಸಿಲೇರಿದ ಮೇಲೆ ಮೇಲ್ಮೈಯನ್ನು ಕೆರೆದು, ಎಳೆ ಬೇರುಗಳನ್ನು ಬಿಸಿಲಿಗೆ ಒಡ್ಡುವುದು. ಆದರೆ ಬೊಮ್ಮಣ್ಣನಿಗೆ ಹೆಂಡತಿಗೆ ಸಹಾಯ ಮಾಡುವ ಆಸೆ. ಅವಳು ಕೊಳದಿಂದ ನೀರು ತರುವಷ್ಟರಲ್ಲಿ ಕೆಂದನನ್ನೂ ಬೂದನನ್ನೂ ನೇಗಿಲಿಗೆ ಕಟ್ಟಿ, ಇರುವ ಬಲವೆಲ್ಲ ಹಾಕಿ, ಮೊಣಕಾಲುದ್ದ ಆಳಕ್ಕೆ ಇಡೀ ಹೊಲವನ್ನು ತಿರುವಿ ಹಾಕಿದ್ದ.

"ನೋಡು! ಒಂದು ಕಳೆನೂ ಕಾಣಲ್ಲ!" ಅಂದ, ಬೆವರು ಒರೆಸಿಕೊಳ್ಳುತ್ತ.

ದೇವೀರಿ ತಲೆಯ ಮೇಲಿದ್ದ ಕೊಡ ಇಳಿಸಿದಳು. ಹೊಲ ನೋಡಿದಳು. ಗಂಡನನ್ನು ನೋಡಿದಳು.

"ಯಾಕಯ್ಯ? ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ನಾನೇ."

"ನಾನೇ, ನಾನೇ! ಆಳದಲ್ಲಿ ನೂರು ವರ್ಷ ಮಲಗೋಕೆ ಅಂತ ಹೋಗಿದ್ದೋರನ್ನೆಲ್ಲ ಕೈ ಹಿಡಿದು ಮೇಲಕ್ಕೆ ಕರಕೊಂಡು ಬಂದಿದ್ದೀಯಲ್ಲಯ್ಯ!"

ಅವಳು ಹೇಳಿದ್ದು ನಿಜವಾಯಿತು. ಆಳದಲ್ಲಿ ಮಲಗಿದ್ದ ಬೀಜಗಳೆಲ್ಲ ಈಗ ಮೇಲೆ ಬಂದಿದ್ದವು. ಕಣ್ಣುಜ್ಜಿಕೊಂಡು, "ಏನು ಬೆಳಕಿದು! ಎಲ್ಲಿದ್ದೀವಿ?" ಅನ್ನುತ್ತಿದ್ದವು. ಮೊದಲು ಎದ್ದವರಿಗಿಂತ ಇವರ ಸಂಖ್ಯೆ ಹೆಚ್ಚು.

ಬೊಮ್ಮಣ್ಣ ಬದುವಿನ ಮೇಲೆ ಕೂತ. ಅವನ ಮುಖ ನೋಡಿ ದೇವೀರಿಗೆ ಇನ್ನಷ್ಟು ಬೈಯಬೇಕೆನಿಸಿತು. ಬೈಯದೆ ಅವಳೂ ಪಕ್ಕದಲ್ಲಿ ಕೂತಳು.

"ನೇಗಿಲಿಂದ ಆಗಲ್ಲ," ಅಂದಳು. "ನೇಗಿಲು ಅಗೆಯುತ್ತೆ. ನಮಗೆ ಕೆರೆಯೋದು ಬೇಕು. ಗಡ್ಡ ಹೆರೆದಂಗೆ. ಒಂದೇ ಬೆರಳು ಆಳ. ಅದಕ್ಕಿಂತ ಕೆಳಗೆ ಹೋಗಕೂಡದು."

"ಅಂಥ ಸಾಮಾನು ಎಲ್ಲಿದೆ?"

"ಇಲ್ಲ. ಮಾಡು."

ಬೊಮ್ಮಣ್ಣ ಮೂರು ದಿನ ಜಾಲಿ ಮರದ ದಿಮ್ಮಿ ಕೆತ್ತಿದ. ದಿಮ್ಮಿಗೆ ಎರಡು ಕಾಲು ಇಟ್ಟ, ಕಾಲುಗಳ ನಡುವೆ ಮೊಳಕ್ಕಿಂತ ಉದ್ದದ ಅಲಗೊಂದನ್ನು ಅಡ್ಡಡ್ಡಲಾಗಿ ಕೂರಿಸಿದ. ಮೊದಲ ಅಲಗು ಮುರಿಯಿತು. ಎರಡನೆಯದು ವಾರೆಯಾಗಿ ನೆಲ ಕಚ್ಚಿಕೊಂಡು ನಿಂತಿತು. ಮೂರನೆಯದು ನೆಲದ ಮೇಲೆ ಸರ್ರನೆ ಜಾರಿ, ಒಂದು ಬೆರಳು ಆಳದಲ್ಲಿ ಮಣ್ಣನ್ನು ಎತ್ತಿ ಹಿಂದಕ್ಕೆ ಬಿಟ್ಟಿತು. ಅದಕ್ಕೆ ಕುಂಟೆ ಅಂತ ಹೆಸರಿಟ್ಟ.

ಅಷ್ಟರಲ್ಲಿ ಕೃತ್ತಿಕೆ ಬಂದಳು. ದೇವೀರಿ ಮತ್ತೆ ಖಾಲಿ ಕುಕ್ಕೆ ಸಿಕ್ಕಿಸಿಕೊಂಡು ಹೊಲಕ್ಕಿಳಿದಳು. ಕುಕ್ಕೆಗೆ ಕೈ ಹಾಕುವಳು, ಎರಚುವಳು. ಹೆಜ್ಜೆ ಇಡುವಳು, ಕೈ ಹಾಕುವಳು, ಎರಚುವಳು. ಹೊಸದಾಗಿ ಮೇಲೆ ಬಂದಿದ್ದ ಬೀಜಗಳಿಗೆ ಹಿಂದಿನ ಕತೆ ಗೊತ್ತಿರಲಿಲ್ಲ. ಎಲ್ಲವೂ ಎದ್ದವು. ಎಂಟು ದಿನಕ್ಕೆ ಹೊಲವೆಲ್ಲ ಹಸಿರು.

ಒಂಬತ್ತನೇ ದಿನ ಸುಡು ಬಿಸಿಲು. ನೆತ್ತಿಯ ಮೇಲೆ ಸೂರ್ಯ ಬಂದಾಗ ಬೊಮ್ಮಣ್ಣ ಕುಂಟೆ ಕಟ್ಟಿದ.

ಕೆಂದ ಕೊಂಬು ಅಲ್ಲಾಡಿಸಿದ. "ಅಲ್ಲ ಬೊಮ್ಮಣ್ಣ, ಇದೇ ಹೊಲ ಎಷ್ಟು ಸಲ ಓಡಾಡೋದು? ಉತ್ತಿದ್ದಾಯ್ತು, ಹೆಂಟೆ ಒಡೆದಿದ್ದಾಯ್ತು, ಮತ್ತೆ ಉತ್ತಿದ್ದಾಯ್ತು. ನಾವೇನು ದಾರಿ ಕಳಕೊಂಡಿದ್ದೀವಾ?"

"ಇದು ಹಗುರ ಕಣೋ. ನಡಿ," ಅಂದ ಬೊಮ್ಮಣ್ಣ.

"ಹಗುರ ಅಂತ ಹೇಳೋರು ಯಾವತ್ತೂ ಹಿಂದೆ ನಡೆಯೋರೇ," ಅಂದ ಬೂದ. ಆದರೂ ಇಬ್ಬರೂ ಎಳೆದರು.

ಕುಂಟೆ ಹೋದ ಕಡೆಯೆಲ್ಲ ಎಳೆ ಗಿಡಗಳು ಬೇರು ಮೇಲೆ ಮಾಡಿಕೊಂಡು ಬಿದ್ದವು. ದೇವೀರಿ ಹಿಂದೆಯೇ ಬಂದು, ಕುಂಟೆಗೆ ಸಿಕ್ಕಿದ ಕಸವನ್ನು ಆಗಾಗ ಬಿಡಿಸುತ್ತಿದ್ದಳು. ಸಂಜೆ ಹೊತ್ತಿಗೆ ಎಲ್ಲವೂ ಬಾಡಿ ನೂಲಾಗಿದ್ದವು. ಕೆಮ್ಮಣ್ಣಿನ ಹೊಲ ಈ ತುದಿಯಿಂದ ಆ ತುದಿಗೆ ಬರಿದಾಗಿ, ಗುಡಿಸಿದ ಅಂಗಳದ ಹಾಗೆ ಮಲಗಿತ್ತು. ನೆಲದವ್ವ ಮೂರು ವರ್ಷದಲ್ಲಿ ಮೊದಲ ಸಲ, "ಹಾ," ಅಂದಳು.

ಇನ್ನು ಬಿತ್ತುವುದಕ್ಕೆ ಒಂದು ಮಳೆ ಬೇಕಿತ್ತು. ರೋಹಿಣಿಯ ದಿನ ಬಂತು. ರೋಹಿಣಿ ಬರಲಿಲ್ಲ. ಮೃಗಶಿರೆಯ ದಿನ ಬಂತು. ಗಾಳಿ ಬಂತು, ಮೋಡ ಬಂತು, ಮೋಡ ಬಂದ ದಾರಿಯಲ್ಲೇ ಹೋಯಿತು.

ದೇವೀರಿ ಗಾಳಿಯನ್ನು ತಡೆದು ಕೇಳಿದಳು. "ಯಾಕಣ್ಣ, ಮಳೆಯಕ್ಕಂದಿರು ಎಲ್ಲಿ?"

ಗಾಳಿ ಹೊಂಗೆ ಮರದಲ್ಲಿ ಸ್ವಲ್ಪ ಹೊತ್ತು ಸುಳಿದಾಡಿತು. ಹೇಳುವುದಕ್ಕೆ ಅದಕ್ಕೂ ಮುಜುಗರ. "ಭರಣಿ ಮುನಿಸಿಕೊಂಡಿದ್ದಾಳೆ ಕಣವ್ವ. 'ನಾನು ಅಷ್ಟು ದೂರದಿಂದ ನೀರು ಹೊತ್ತು ತಂದೆ. ಆ ಹೆಂಗಸು ಒಂದು ಕಾಳು ಬಿತ್ತಲಿಲ್ಲ. ಬರೀ ಕೈ ಎರಚಿ ನನ್ನನ್ನ ಆಟ ಆಡಿಸಿದಳು' ಅಂತ ತಂಗಿಯರಿಗೆಲ್ಲ ಹೇಳಿದ್ದಾಳೆ. 'ಅವಳ ಹೊಲಕ್ಕೆ ಹೋದೀರಾ, ಜೋಕೆ' ಅಂದಿದ್ದಾಳೆ. ಎಲ್ಲರೂ ಪಡುವಣ ಬೆಟ್ಟದ ಹಿಂದೆ ಕೂತಿದ್ದಾರೆ."

"ಅಯ್ಯೋ, ಇನ್ನು ಇವರಿಗೊಂದು ಸಮಾಧಾನ ಹೇಳಬೇಕಾ!" ಅಂತ ದೇವೀರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

ಮನೆಯಲ್ಲಿ ತಿನ್ನುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಬೊಮ್ಮಣ್ಣ ಕಾಡಿನಿಂದ ಗೆಡ್ಡೆ ಅಗೆದು ತರುತ್ತಿದ್ದ. ಎಷ್ಟು ಬೇಯಿಸಿದರೂ ಕಹಿ. ಅವತ್ತು ಮಧ್ಯಾಹ್ನ ಚಿಕ್ಕತಾಯಿ ಗೆಡ್ಡೆಯನ್ನು ಬಾಯಿಗಿಟ್ಟು ಉಗುಳಿದಳು. "ಮುದ್ದೆ ಕೊಡವ್ವ," ಅಂತ ಅತ್ತಳು. ಅತ್ತು ಅತ್ತು ಬಿಕ್ಕಳಿಕೆ ಹತ್ತಿತು. ಬೊಮ್ಮಣ್ಣ ಎದ್ದು ಮಾಡದ ಮೇಲಿಂದ ಕುಡಿಕೆ ತೆಗೆದ.

"ಇಡಯ್ಯ ಅದನ್ನ," ಅಂದಳು ದೇವೀರಿ.

"ಒಂದು ಹಿಡಿ. ಒಂದೇ ಹಿಡಿ ಬೀಸು. ಮಗು ಮುಖ ನೋಡಕ್ಕಾಗಲ್ಲ ನನಗೆ."

"ಇವತ್ತು ಒಂದು ಹಿಡಿ. ನಾಳೆ ಒಂದು ಹಿಡಿ. ಅದರಲ್ಲಿರೋದೇ ನಾಲ್ಕು ಹಿಡಿ. ಆಮೇಲೆ? ಅವಳು ಬದುಕಿರೋವರೆಗೂ ಗೆಡ್ಡೆ ತಿನ್ನಬೇಕಾ?"

"ಬಿತ್ತೋ ಕಾಲದಲ್ಲಿ ಬಿತ್ತಿದ್ರೆ ಇಷ್ಟೊತ್ತಿಗೆ ಪೈರು ಮೊಣಕಾಲು ಮುಟ್ಟಿರೋದು!" ಬೊಮ್ಮಣ್ಣನ ದನಿ ಏರಿತು. "ಎರಡು ಮಳೆ ಹಾಳು ಮಾಡಿದೆ. ಖಾಲಿ ಕುಕ್ಕೆ ಹಿಡಕೊಂಡು ಓಡಾಡಿದೆ. ನಾನು ಒಂದು ಮಾತು ಆಡಲಿಲ್ಲ. ಈಗ ಆಡ್ತೀನಿ. ನಿನ್ನ ಹಟಕ್ಕೆ ಮಗು ಹೋಗುತ್ತೆ ಕಣೇ!"

ದೇವೀರಿಗೆ ಅದು ಎದೆಗೇ ಬಿತ್ತು. ಅವಳು ಮಗಳನ್ನು ಎತ್ತಿಕೊಂಡಳು. ಮಗುವಿನ ಮೈ ಎಷ್ಟು ಹಗುರಾಗಿತ್ತೆಂದರೆ, ಅವನ ಮಾತು ಸುಳ್ಳು ಅನ್ನುವುದಕ್ಕೆ ಅವಳಿಂದಾಗಲಿಲ್ಲ.

"ಮೂರು ದಿನ ಕೊಡು," ಅಂದಳು. "ಮೂರು ದಿನದಲ್ಲಿ ಮಳೆ ಬರದಿದ್ರೆ ನಾನೇ ಬೀಸ್ತೀನಿ."

ಬೊಮ್ಮಣ್ಣ ಕುಡಿಕೆಯನ್ನು ಮಾಡದ ಮೇಲೆ ವಾಪಸ್ಸಿಟ್ಟ.

ದೇವೀರಿ ಮಗಳನ್ನು ಕಂಕುಳಿಗೇರಿಸಿಕೊಂಡು ಪಡುವಣ ಬೆಟ್ಟ ಹತ್ತಿದಳು. ಒಂದು ದಿನ ಹತ್ತಿದಳು, ಎರಡನೇ ದಿನವೂ ಹತ್ತಿದಳು. ದಾರಿಯಲ್ಲಿ ಕಾರೆಹಣ್ಣು ಸಿಕ್ಕಿದಷ್ಟೂ ಮಗಳಿಗೆ ತಿನ್ನಿಸಿದಳು. ಬೆಟ್ಟದ ನೆತ್ತಿ ಮುಟ್ಟಿ ನೋಡಿದರೆ, ಆ ಕಡೆಯ ಇಳಿಜಾರಿನಲ್ಲಿ ಮಳೆಯಕ್ಕಂದಿರು ಸಾಲಾಗಿ ಮುಖ ತಿರುಗಿಸಿಕೊಂಡು ಕೂತಿದ್ದರು. ಕೂದಲು ಬಿಚ್ಚಿಕೊಂಡಿದ್ದ ಭರಣಿ ಎಲ್ಲರಿಗಿಂತ ಮುಂದೆ. ಕೊನೆಯಲ್ಲಿ ಆರಿದ್ರೆ.

"ಭರಣಿಯಕ್ಕ," ಅಂದಳು ದೇವೀರಿ. ಉಸಿರು ಏರಿತ್ತು. "ನಾನು ನಿಮ್ಮನ್ನ ಆಟ ಆಡಿಸಲಿಲ್ಲ. ಆಟ ಆಡಿಸಿದ್ದು ಕಳೆನ."

"ನನ್ನ ನೀರು ಹೋಯ್ತಲ್ಲ," ಅಂದಳು ಭರಣಿ, ತಿರುಗಿ ನೋಡದೆ. "ಮೂರು ಸಮುದ್ರ ಅಲೆದು ತಂದ ನೀರು."

ದೇವೀರಿಗೆ ಸಾಕು ಸಾಕಾಗಿಹೋಗಿತ್ತು. ಎರಡು ದಿನ ಬೆಟ್ಟ ಹತ್ತಿ ಕಾಲು ಬಾತಿತ್ತು. ಬೇಡಿಕೊಳ್ಳಬೇಕು ಅಂತಲೇ ಬಂದವಳ ಬಾಯಿಂದ ಬೇರೆಯೇ ಮಾತು ಬಂತು.

"ಹಿಂದಿನ ಎರಡು ವರ್ಷ ಹೋಗಲಿಲ್ವಾ ನಿಮ್ಮ ನೀರು? ಬಿತ್ತಿದ್ದೆನಲ್ಲ ಆಗ! ಆಗ ಕುಡಿದೋರು ಯಾರು? ಅಣ್ಣೆ, ತುಂಬೆ, ಆ ದಾಯಾದಿ ಕಾಡುರಾಗಿ! ನನ್ನ ರಾಗಿಗೆ ಒಂದು ಗುಟುಕು ಸಿಕ್ಕಲಿಲ್ಲ. ಆಗ ಯಾಕೆ ಮುನಿಸಿಕೊಳ್ಳಲಿಲ್ಲ ನೀವು? ಒಬ್ಬರು ಹೊತ್ತು ತರ್ತೀರಿ, ಒಬ್ಬರು ಚೆಲ್ಲಿ ಹೋಗ್ತೀರಿ. ಚೆಲ್ಲಿದ್ದು ಯಾರ ಗಂಟಲಿಗೆ ಹೋಯ್ತು ಅಂತ ಒಂದು ದಿನ ತಿರುಗಿ ನೋಡಿದ್ದೀರಾ?"

ಮಳೆಗೆ ಬೈದವರನ್ನು ಮಳೆ ಅಲ್ಲಿಯವರೆಗೆ ಕಂಡಿರಲಿಲ್ಲ. ಚಿಕ್ಕತಾಯಿ ಹೆದರಿ ಅವ್ವನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡಳು.

ಆಗ ಬೆಟ್ಟದ ತಪ್ಪಲಿನಿಂದ ನೆಲದವ್ವನ ದನಿ ಏರಿ ಬಂತು. "ಭರಣೀ, ನಿನ್ನ ನೀರು ಎಲ್ಲೂ ಹೋಗಿಲ್ಲ ಕಣೇ. ಬಂದು ನೋಡು."

"ಒಣಗಿ ಬಿರಿದಿರ್ತೀಯ ನೀನು," ಅಂದಳು ಭರಣಿ. "ಏನು ನೋಡೋದು?"

"ಬಿರಿದಿಲ್ಲ. ಇವಳು ನನ್ನ ಮೈ ಕೆರೆದು, ಮೇಲೆ ಒಂದು ಬೆರಳು ಪುಡಿಮಣ್ಣು ಹೊದಿಸಿದ್ದಾಳೆ. ಬಿಸಿಲು ಒಳಗೆ ಬಾಯಿ ಹಾಕಕ್ಕಾಗಿಲ್ಲ. ಕುಡಿಯೋಕೆ ಒಂದು ಕಳೆನೂ ಇಲ್ಲ. ನಿನ್ನದೂ ಕೃತ್ತಿಕೆಯದೂ ಅರ್ಧಕ್ಕಿಂತ ಹೆಚ್ಚು ನೀರು ನನ್ನ ಹತ್ತಿರ ಹಂಗೇ ಇದೆ."

ಭರಣಿ ನಂಬಲಿಲ್ಲ. ಕೊನೆಯಲ್ಲಿ ಕೂತಿದ್ದ ಆರಿದ್ರೆ ಎದ್ದಳು. ಅವಳು ಮಾತು ಕಡಿಮೆ ಆಡುವವಳು. ಗಾಳಿಯ ಹೆಗಲೇರಿ ಹೊಲದ ಮೇಲಕ್ಕೆ ಬಂದು ಬಗ್ಗಿ ನೋಡಿದಳು. ಬೊಮ್ಮಣ್ಣ ಅಲ್ಲೇ ಬದುವಿನ ಮೇಲಿದ್ದ. ಅವಳು ಬಗ್ಗಿದ್ದು ಕಂಡು ಅವನು ಹೊಲದ ನಡುವೆ ಹೋಗಿ ಕೈಯಿಂದ ಪುಡಿಮಣ್ಣು ಸರಿಸಿದ. ಕೆಳಗಿನ ಮಣ್ಣು ಗಾಢ ಕೆಂಪಾಗಿ, ತಣ್ಣಗೆ, ಮುಷ್ಟಿ ಕಟ್ಟಿದರೆ ಉಂಡೆಯಾಗುವಷ್ಟು ಹಸಿಯಾಗಿತ್ತು. ಅದನ್ನು ನೋಡಿ ಬೊಮ್ಮಣ್ಣನೇ ಬೆರಗಾದ. ಎರಡು ಮಳೆ ಹಾಳಾಯಿತು ಅಂತ ಹೆಂಡತಿಗೆ ಅಂದಿದ್ದು ನೆನಪಾಗಿ, ಆ ಉಂಡೆಯನ್ನು ಕೆಳಗಿಡುವುದಕ್ಕೆ ಮನಸ್ಸಾಗದೆ ಹಿಡಿದೇ ಕೂತ.

"ಅಕ್ಕಾ," ಅಂತ ಆರಿದ್ರೆ ಕೂಗಿದಳು, "ನೀನು ತಂದಿದ್ದು ಇಲ್ಲೇ ಇದೆ. ಯಾರೂ ಮುಟ್ಟಿಲ್ಲ." ಆಮೇಲೆ ಸ್ವಲ್ಪ ಮೆತ್ತಗೆ, "ನಮಗೋಸ್ಕರ ಒಂದು ಹೊಲ ಹಿಂಗೆ ಕಾದಿದ್ದನ್ನ ನಾನು ನೋಡೇ ಇರಲಿಲ್ಲ," ಅಂದಳು.

ಭರಣಿ ಕಣ್ಣೊರೆಸಿಕೊಂಡಳು. "ಮತ್ತೆ ನಿಂತಿದ್ದೀಯಾಕೆ? ಸುರಿಯೇ," ಅಂದಳು.

ಆರಿದ್ರೆ ಸುರಿದಳು. ಹದವಾಗಿ, ಒಂದೇ ಸಮನೆ. ದೇವೀರಿ ಮಗಳ ತಲೆಗೆ ಸೆರಗು ಹೊದಿಸಿ, ಜಾರುತ್ತ, ಏಳುತ್ತ ಬೆಟ್ಟ ಇಳಿದಳು. ಬಂದು ನೋಡಿದರೆ ಬೊಮ್ಮಣ್ಣ ಕುಡಿಕೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಒಂದು ಕಾಳೂ ಕಡಿಮೆಯಾಗಿರಲಿಲ್ಲ.

"ನಿನ್ನ ಕೈಲೇ ಬಿತ್ತು," ಅಂದ.

ಈ ಸಲ ಕುಕ್ಕೆಯಲ್ಲಿ ರಾಗಿ ಇತ್ತು. ಕುಕ್ಕೆಗೆ ಕೈ ಹಾಕಿದಳು, ಎರಚಿದಳು. ಹೆಜ್ಜೆ ಇಟ್ಟಳು, ಕೈ ಹಾಕಿದಳು, ಎರಚಿದಳು. ಬೊಮ್ಮಣ್ಣ ನೇಗಿಲು ಮುಟ್ಟಲಿಲ್ಲ. ಮುಳ್ಳಿನ ಕೊಂಬೆಯೊಂದನ್ನು ಎತ್ತುಗಳ ಹಿಂದೆ ಕಟ್ಟಿ, ಕಾಳು ಮುಚ್ಚುವಷ್ಟು ಮಾತ್ರ ಎಳೆಸಿದ. ಕೆಂದ ಬಾಯಿ ತೆರೆಯಲು ಹೊರಟವನು ಬೊಮ್ಮಣ್ಣನ ಮುಖ ನೋಡಿ ಹೆಜ್ಜೆ ಹಾಕಿದ.

ಆರನೇ ದಿನ ರಾಗಿ ಎದ್ದಿತು. ಎದ್ದು ಆ ಕಡೆ ಈ ಕಡೆ ನೋಡಿತು. ಎಡಕ್ಕೆ ರಾಗಿ, ಬಲಕ್ಕೆ ರಾಗಿ. ತಳ್ಳುವವರಿಲ್ಲ, ತಿವಿಯುವವರಿಲ್ಲ. ನೀರು ಬೇಕಾದಷ್ಟು, ಬೆಳಕು ಬೇಕಾದಷ್ಟು. ಅಲ್ಲೊಂದು ಇಲ್ಲೊಂದು ಕಳೆ ಇಣುಕಿದರೆ ದೇವೀರಿ ದಾರಿಯಲ್ಲಿ ಹೋಗುತ್ತ ಬಗ್ಗಿ ಕಿತ್ತಳು. ಪೈರು ಅವಳ ಸೊಂಟ ಮುಟ್ಟಿತು. ಕಾರ್ತೀಕದ ಹೊತ್ತಿಗೆ ತೆನೆ ಮುಷ್ಟಿ ಕಟ್ಟಿತು. ಕಣದಲ್ಲಿ ರಾಶಿ ಹಾಕಿದಾಗ ರಾಶಿಯ ಆ ಕಡೆ ನಿಂತಿದ್ದ ಚಿಕ್ಕತಾಯಿ ಕಾಣಿಸಲೇ ಇಲ್ಲ.

ಅವತ್ತು ಮೂವರೂ ಬಿಸಿ ಮುದ್ದೆ ಉಂಡರು. ಚಿಕ್ಕತಾಯಿ ಉಣ್ಣುತ್ತ ಉಣ್ಣುತ್ತ ತಟ್ಟೆಯ ಮುಂದೆಯೇ ತೂಕಡಿಸಿದಳು. ಬೊಮ್ಮಣ್ಣ ಅವಳ ಕೈ ತೊಳೆಸಿ ಎತ್ತಿಕೊಂಡ.

ಊಟ ಮುಗಿಸಿ ದೇವೀರಿ ಕೊಯ್ದ ಹೊಲಕ್ಕೆ ಹೋದಳು. ಸಂಜೆಯ ಬಿಸಿಲು ಕೂಳೆಯ ಮೇಲೆ ಬಿದ್ದಿತ್ತು. ಕಾಲಡಿಯಿಂದ ಒಂದು ಮುದಿ ದನಿ ಬಂತು.

"ಗೆದ್ದುಬಿಟ್ಟೆ ಅಂದ್ಕೊಂಡ್ಯೇನಮ್ಮ?"

ಅದು ಕಾಡುರಾಗಿ ವಂಶದ ಅಜ್ಜಿ. ಬಹಳ ಆಳದಲ್ಲಿ, ಬೊಮ್ಮಣ್ಣನ ನೇಗಿಲಿಗೂ ಸಿಕ್ಕದೆ ಮಲಗಿತ್ತು; ನೇಗಿಲು ಅಲುಗಿಸಿದ್ದಕ್ಕೆ ನಿದ್ದೆ ಮಾತ್ರ ಕೆಟ್ಟಿತ್ತು.

"ನಿಮ್ಮೋರೆಲ್ಲ ಬಿಸಿಲಿಗೆ ಒಣಗಿದ್ರಲ್ಲ," ಅಂದಳು ದೇವೀರಿ.

"ಎದ್ದೋರು ಒಣಗಿದ್ರು. ಅವಸರಗೇಡಿಗಳು. ಅದಕ್ಕೇ ನಾನು ಉಳಿದೋರಿಗೆಲ್ಲ ಹೇಳಿದ್ದೀನಿ: ಇನ್ನು ಮೇಲೆ ಎಲ್ಲರೂ ಒಟ್ಟಿಗೆ ಏಳಕೂಡದು. ಈ ವರ್ಷ ಕೆಲವರು, ಮುಂದಿನ ವರ್ಷ ಕೆಲವರು, ಅದರ ಮುಂದಿನ ವರ್ಷ ಕೆಲವರು. ನೀನು ಎಷ್ಟು ಸಲ ಕೆರೆದರೂ ನಮ್ಮೋರು ಇಬ್ಬರು ಮೂವರು ಕೆಳಗೆ ಮಲಗೇ ಇರ್ತಾರೆ."

"ಅಂದರೆ ಮುಂದಿನ ವರ್ಷನೂ ಕುಂಟೆ ಹೊಡೀಬೇಕಾ?"

"ಮುಂದಿನ ವರ್ಷನೂ."

"ಅದರ ಮುಂದಿನ ವರ್ಷ?"

"ಅದರ ಮುಂದಿನ ವರ್ಷನೂ ಕಣಮ್ಮ. ನೀನಿರೋವರೆಗೂ. ನಿನ್ನ ಮಗಳಿರೋವರೆಗೂ. ಏನು ಮಾಡೋದು, ದಾಯಾದಿ ಅಲ್ವಾ?"

ದೇವೀರಿ ಬೈಯಬೇಕು ಅಂತ ಬಾಯಿ ತೆರೆದಳು. ಹೊಟ್ಟೆ ತುಂಬಿತ್ತು, ಬೈಗಳು ನೆನಪಿಗೆ ಬರಲಿಲ್ಲ. "ಬಾ," ಅಂದಳು ಕೊನೆಗೆ. "ಬಂದವರನ್ನ ಬಂದ ಹಂಗೇ ನೋಡಿಕೊಳ್ತೀನಿ. ಆದರೆ ನನ್ನ ರಾಗಿಗಿಂತ ಮುಂಚೆ ಬರಬೇಕು. ಅದೊಂದು ಮಾತು ಕೊಡು."

ಅಜ್ಜಿ ನಕ್ಕಿತು. "ಅದಕ್ಕೆ ಮಾತು ಯಾಕೆ? ಮಳೆ ವಾಸನೆ ಬಂದ್ರೆ ನಮ್ಮ ಹುಡುಗರು ನಿಲ್ಲಲ್ಲ. ಎಷ್ಟು ಹೇಳಿದ್ರೂ ನಿಲ್ಲಲ್ಲ. ಹೇಳಿ ಹೇಳಿ ನನಗೂ ಸಾಕಾಗಿದೆ."

ಅದಕ್ಕೇ ಮಗು, ಬೇಸಿಗೆಯ ಕೊನೆಗೆ ಮೊದಲ ಮಳೆ ಬಿದ್ದ ಎಂಟು ದಿನಕ್ಕೆ, ಯಾರೂ ಏನೂ ಬಿತ್ತದ ಹೊಲ ತಾನಾಗಿಯೇ ಹಸಿರಾಗುವುದನ್ನು ನೀನು ಇವತ್ತಿಗೂ ನೋಡುತ್ತೀಯ; ಬೀಜದ ಚೀಲವನ್ನು ಬಿಚ್ಚದೆ, ಸುಡು ಬಿಸಿಲಿನಲ್ಲಿ ಗೊಣಗುತ್ತ ಗೊಣಗುತ್ತ ಆ ಹಸಿರಿನ ಮೇಲೆ ಮೊದಲು ಕುಂಟೆ ಹೊಡೆಯುತ್ತಿರುವವರನ್ನೂ ನೋಡುತ್ತೀಯ.